ಅರ್ಧ ಸುತ್ತು

ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದಾಗ ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಟಕ್ ಎಂದಿತು. ಲಿಫ್ಟ್ ಮೆಕ್ಯಾನಿಕ್ ಅಲ್ಲಿಗೆ ಬೆರಳಿಟ್ಟು ಮತ್ತೊಮ್ಮೆ ಜಗ್ಗಿದ. ಒಳಗಿನ ಬೇರಿಂಗ್ ಕದಲುವುದು ಬೆರಳಿಗೇ ಗೊತ್ತಾಯಿತು.

"ಮೇಲಿನ ಬೋಲ್ಟ್ ನಿನ್ನೆನೇ ಬಿಗಿ ಮಾಡ್ದೆ ಕಣ್ರೀ. ಎಷ್ಟು ತಿರುಗಿಸಿದ್ರೂ ಜಪ್ಪಯ್ಯ ಅನ್ನಲ್ಲ" ಎಂದಳು ಹೆಂಡತಿ.

"ಪಕ್ಕದ ಎರಡು ಬೋಲ್ಟ್ ಸಡಿಲ ಮಾಡಿದ್ಯಾ?"

"ಇಲ್ವಲ್ಲ. ಸಡಿಲ ಆಗಿರೋದನ್ನ ಬಿಗಿ ಮಾಡೋಕೆ ಇನ್ನೆರಡು ಸಡಿಲ ಮಾಡ್ಬೇಕಾ?"

"ಮಾಡ್ಬೇಕು. ಅವು ಕಚ್ಕೊಂಡಿದ್ರೆ ಮೇಲಿಂದು ಕೆಳಗೆ ಕೂರೋದೇ ಇಲ್ಲ."

ಹನ್ನೆರಡು ದಿನಗಳಲ್ಲಿ ಅವರಿಬ್ಬರ ನಡುವೆ ನಡೆದ ಅತಿ ಉದ್ದದ ಮಾತುಕತೆ ಇದು. ದಿಬ್ಬ ಹಾರಿಸುವ ಆ ಪುಟ್ಟ ಬಿಎಂಎಕ್ಸ್ ಸೈಕಲ್ಲು ಮಗಳದ್ದು. ಅವಳು ಎತ್ತರವಾಗಿ ಬೆಳೆದು ಅದನ್ನು ಬಿಟ್ಟ ಮೇಲೆ ಎರಡು ವರ್ಷ ಬಾಲ್ಕನಿಯಲ್ಲಿ ಒದ್ದೆ ಟವೆಲು ಹೊತ್ತು ನಿಂತಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ಹಾಸಿಗೆ ಬಟ್ಟೆ ಮಡಚಿದ್ದ ಹೆಂಡತಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ ಅದಕ್ಕೆ ಗಾಳಿ ಹೊಡೆಸಿಕೊಂಡು ಮೈದಾನದ ಹಿಂದಿನ ಮಣ್ಣಿನ ಟ್ರ್ಯಾಕಿಗೆ ಹೋಗತೊಡಗಿದಳು. ಅಲ್ಲಿನ ದಿಬ್ಬಗಳ ಮೇಲೆ ಹಾರುವ ಮಕ್ಕಳು ಮೊದಮೊದಲು ಕಿಸಿಕಿಸಿ ನಕ್ಕರು, ಆಮೇಲೆ "ಚಿಕ್ಕಮ್ಮಾ, ಇನ್ನೊಂದು ಸುತ್ತು" ಎನ್ನತೊಡಗಿದರು. ಹನ್ನೆರಡು ದಿನದ ಹಿಂದೆ ಬಿದ್ದು ಗಲ್ಲಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದಳು. ಈ ವಯಸ್ಸಿನಲ್ಲಿ ನಿನಗೆ ತಲೆ ಕೆಟ್ಟಿದೆಯಾ ಎಂದು ಅವನು ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದ್ದ. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ.

ಅವಳು ಬೂಟು ಹಾಕಿಕೊಳ್ಳಲು ಒಳಗೆ ಹೋದಳು. ಅವನು ಅಲೆನ್ ಕೀ ತೆಗೆದು ಪಕ್ಕದ ಬೋಲ್ಟುಗಳನ್ನು ಸಡಿಲಿಸಿದ, ಮೇಲಿನದನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದ. ಟಕ್ ಸದ್ದು ನಿಂತಿತು. ಮುಂದಿನ ಚಕ್ರ ಎತ್ತಿ ಬಿಟ್ಟರೆ ಹ್ಯಾಂಡಲ್ಲು ತಾನಾಗಿಯೇ ಹೊರಳಿತು. ಹೀಗೇ ಇರಬೇಕು. ಕೆಲಸ ಅಲ್ಲಿಗೆ ಮುಗಿದಿತ್ತು.

ಆದರೆ ಅವನು ಮೇಲಿನ ಬೋಲ್ಟಿಗೆ ಇನ್ನೂ ಅರ್ಧ ಸುತ್ತು ಕೊಟ್ಟ. ಹ್ಯಾಂಡಲ್ಲು ಈಗ ನಡುನಡುವೆ ಸಿಕ್ಕಿಕೊಳ್ಳುತ್ತ ಕಷ್ಟದಿಂದ ಹೊರಳಿತು. ಪಕ್ಕದ ಬೋಲ್ಟುಗಳನ್ನು ಬಿಗಿದು ಎದ್ದು ನಿಂತ. ತಿರುಗಿಸೀ ತಿರುಗಿಸೀ ಕೈ ಸೋತು ಒಂದು ವಾರದಲ್ಲಿ ಅವಳೇ ಬಿಟ್ಟುಬಿಡುತ್ತಾಳೆ. ಅವನು ಎಣಿಸಿದ್ದು ಅಷ್ಟೇ.

ಅವಳು ಹೆಲ್ಮೆಟ್ ಹಿಡಿದು ಬಂದಳು. ಸೈಕಲ್ಲನ್ನು ಜಗ್ಗಿ ನೋಡಿದಳು, ಸದ್ದಿಲ್ಲ. ಮುಖ ಅರಳಿತು.

"ಬೇಜಾರು ಮಾಡ್ಕೊಂಡೇ ಇರ್ತೀರ ಅಂದ್ಕೊಂಡಿದ್ದೆ. ಇವತ್ತು ದೊಡ್ಡ ಇಳಿಜಾರಲ್ಲಿ ಇಳೀತೀನಿ ನೋಡಿ. ಇಷ್ಟು ದಿನ ಧೈರ್ಯ ಇರ್ಲಿಲ್ಲ" ಎಂದವಳೇ ಮೆಟ್ಟಿಲಿಳಿದು ಹೋದಳು.

ಅವನು ಕೈ ತೊಳೆದ. ಗ್ರೀಸು ಹೋಗಲಿಲ್ಲವೆಂದು ಮತ್ತೆ ತೊಳೆದ. ದೊಡ್ಡ ಇಳಿಜಾರಿನ ಕೊನೆಗೆ ಎಡಕ್ಕೆ ಗಕ್ಕನೆ ತಿರುವು. ಮಗಳನ್ನು ಕರೆದುಕೊಂಡು ಹೋಗುತ್ತಿದ್ದಾಗ ಎಷ್ಟೋ ಸಲ ನೋಡಿದ್ದ. ಅಲ್ಲಿ ಹ್ಯಾಂಡಲ್ಲು ತಿರುಗದೆ ಸಿಕ್ಕಿಕೊಂಡರೆ? ನಲ್ಲಿ ನಿಲ್ಲಿಸಿದನೋ ಇಲ್ಲವೋ, ಅಲೆನ್ ಕೀ ಹಿಡಿದು ಮನೆ ಚಪ್ಪಲಿಯಲ್ಲೇ ಓಡಿದ.

ಅವನು ಏದುಸಿರು ಬಿಡುತ್ತ ತಲುಪಿದಾಗ ಅವಳು ಇಳಿಜಾರಿನ ತುದಿಯ ಕಟ್ಟೆಯ ಮೇಲೆ ಮಕ್ಕಳ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು.

"ಏಯ್, ಇಳೀಬೇಡ! ನಿಂತ್ಕೋ!"

ಸಾಲಿಗೆ ಸಾಲೇ ತಿರುಗಿ ನೋಡಿತು. ಅವನು ದಿಬ್ಬ ಹತ್ತಿ ಹೋಗಿ ಸೈಕಲ್ಲಿನ ಕುತ್ತಿಗೆ ಹಿಡಿದುಕೊಂಡ.

"ಇದು ಬಿಗಿ ಜಾಸ್ತಿ ಆಗಿದೆ."

"ಹೌದು, ಬರೋವಾಗ ಹ್ಯಾಂಡಲ್ ಭಾರ ಅನ್ನಿಸ್ತು. ನೀವು ಮಾಡಿದ್ದಲ್ವಾ, ಹೀಗೇ ಇರ್ಬೇಕೇನೋ ಅಂದ್ಕೊಂಡೆ."

ಆ ಮಾತಿಗೆ ಅವನು ತಲೆ ತಗ್ಗಿಸಿದ. ತಪ್ಪಾಯ್ತು, ಕೈ ಜಾರಿತು ಎಂದಿದ್ದರೆ ಅವಳು ನಂಬುತ್ತಿದ್ದಳು.

"ಬೇಕೂ ಅಂತಾನೇ ಮಾಡ್ದೆ" ಎಂದ. "ನೀನು ಬೀಳೋದು ನನ್ನ ಕೈಲಿ ನೋಡೋಕಾಗಲ್ಲ. ಸಾಕಾಗಿ ಬಿಟ್ಬಿಡ್ತೀಯ ಅಂತ."

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು. "ನಾನು ಬೀಳಬಾರ್ದು ಅಂತ ನೀವೇ ಬೀಳ್ಸೋಕೆ ಹೊರಟ್ರಾ?"

ಅವನು ಕೂತು ಬೋಲ್ಟಿಗೆ ಕೀ ಹಾಕಲು ಹೋದ. ಅವಳು ಕೈ ಚಾಚಿದಳು.

"ಕೊಡಿ ಇಲ್ಲಿ. ನೀವು ಬರೀ ಬಾಯಲ್ಲಿ ಹೇಳಿ."

ಅವನು ಹೇಳಿದ: ಮೊದಲು ಪಕ್ಕದ ಎರಡು, ಆಮೇಲೆ ಮೇಲಿನದು, ಅರ್ಧ ಸುತ್ತು ಹಿಂದಕ್ಕೆ. ಅವಳು ಚಕ್ರ ಎತ್ತಿ ಬಿಟ್ಟಳು, ಹ್ಯಾಂಡಲ್ಲು ಸಲೀಸಾಗಿ ಹೊರಳಿತು. ಚಕ್ರಕ್ಕೆ ಕಾಲೊತ್ತಿ ಜಗ್ಗಿದಳು, ಟಕ್ ಎನ್ನಲಿಲ್ಲ. ಹ್ಯಾಂಡಲ್ಲನ್ನು ಚಕ್ರದ ನೇರಕ್ಕೆ ತಂದು ಪಕ್ಕದ ಬೋಲ್ಟುಗಳನ್ನು ಬಿಗಿದಳು. ಇನ್ನೊಂದು ಸಲ ಎಲ್ಲವನ್ನೂ ತಾನೇ ನೋಡಿಕೊಂಡಳು. ಅವನ ಮುಖ ಮಾತ್ರ ನೋಡಲಿಲ್ಲ.

ಅಷ್ಟರಲ್ಲಿ ಮಕ್ಕಳು ಅವಳಿಗೆ ದಾರಿ ಬಿಟ್ಟು ಸರಿದಿದ್ದರು. ಅವಳು ಹತ್ತಿದಳು, ಕಟ್ಟೆಯ ಅಂಚಿನಲ್ಲಿ ಒಂದು ಕ್ಷಣ ತಡೆದು ಇಳಿದೇಬಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಮಕ್ಕಳ ಕೇಕೆ ಕೇಳಿ ಕಣ್ಣು ತೆರೆದಾಗ ಅವಳು ತಿರುವು ದಾಟಿ ದೂರದಲ್ಲಿ, ಧೂಳಿನ ನಡುವೆ, ಒಂದು ಕಾಲು ನೆಲಕ್ಕೂರಿ ನಿಂತು ಮೇಲಕ್ಕೆ ಕೈ ಬೀಸುತ್ತಿದ್ದಳು.

ಅದು ಮಕ್ಕಳಿಗೋ ತನಗೋ ಅವನಿಗೆ ತಿಳಿಯಲಿಲ್ಲ. ಆದರೂ ಗ್ರೀಸು ಮೆತ್ತಿದ ಕೈಯನ್ನು ಅರ್ಧಕ್ಕೆ ಎತ್ತಿದ.