ಹಿಂದಿನ ಸೀಟಿನ ಸ್ಟಿಕ್ಕು

ವಿಮಾನವನ್ನು ಎಡಕ್ಕೆ ತಿರುಗಿಸಲೆಂದು ಬಸವಕುಮಾರ ಸ್ಟಿಕ್ಕನ್ನು ವಾಲಿಸಿದ. ಅದು ಬುಡದಿಂದ ಕಳಚಿ ಅವನ ಕೈಗೇ ಬಂತು.

ಎರಡು ಸಾವಿರ ಅಡಿ ಕೆಳಗೆ ಈರುಳ್ಳಿ ಹೊಲಗಳು. ನಾಲ್ಕು ವರ್ಷ ಶೆಡ್ಡಿನಲ್ಲಿ ಕೂತು ತಾನೇ ಕಟ್ಟಿದ ವಿಮಾನ. ಅದರ ಒಂದೊಂದು ಬೋಲ್ಟೂ ಅವನಿಗೆ ಬಾಯಿಪಾಠ. ಆಗ ನೆನಪಾಯಿತು. ನಿನ್ನೆ ಮಹಾನವಮಿಯ ಆಯುಧಪೂಜೆಗೆ, ಅಂದರೆ ಖಂಡೇಪೂಜೆಗೆ, ಇಡೀ ವಿಮಾನವನ್ನು ಮನೆಗೆ ತರಲಾಗದೆ, ಅದರ ಪರವಾಗಿ ಸ್ಟಿಕ್ಕಿನ ಬುಡದ ನಟ್ಟನ್ನು ಬಿಚ್ಚಿ ತಂದು, ಮಣೆಯ ಮೇಲಿಟ್ಟು ವಿಭೂತಿ ಹಚ್ಚಿದ್ದ. ಅದು ಇನ್ನೂ ನಾಸಿಕದ ಮನೆಯಲ್ಲಿ ಚೆಂಡುಹೂವಿನ ಕೆಳಗೇ ಇತ್ತು. ನಟ್ಟಿಲ್ಲದ ಬೋಲ್ಟು ಅಲುಗಾಡಿ ಎಲ್ಲೋ ಜಾರಿಬಿದ್ದಿತ್ತು.

ಆದರೆ ವಿಮಾನ ಬೀಳಲಿಲ್ಲ. ಅವನು ತಿರುಗಿಸಬೇಕೆಂದಿದ್ದ ಕಡೆಗೇ ಮೆಲ್ಲಗೆ ವಾಲಿತು. ಹಿಂದಿನ ಸೀಟಿಗೂ ಒಂದು ಸ್ಟಿಕ್ಕು ಹಾಕಿದ್ದು, ಈಗ ಅಲ್ಲೇ ಕೂತಿದ್ದ ಹೆಂಡತಿ ರೂಪಾಳ ಹಟಕ್ಕೆ. ಎರಡು ತಿಂಗಳು ಅವಳಿಗೆ ಹಾರಿಸುವುದನ್ನು ಕಲಿಸಿದ್ದ. ಆದರೂ ಪ್ರತಿ ಸಲ, "ಸುಮ್ನ ಹಿಡಕೊಂಡು ಕೂಡು, ತಿರುಗಸಬ್ಯಾಡ" ಎಂದು ಗದರಿಸುತ್ತಿದ್ದ.

"ರೂಪಾ!" ಹೆಡ್‌ಫೋನಿನಲ್ಲಿ ಅವನ ದನಿ ಒಡೆಯಿತು. "ನಿನ್ನ ಸ್ಟಿಕ್ಕು ಬಿಡಬ್ಯಾಡ! ನಂದು ಕಿತ್ತು ಕೈಯಾಗ ಬಂದದ!"

"ಗೊತ್ತದ ರೀ," ಎಂದಳು ರೂಪಾ, ಒಲೆಯ ಮೇಲಿನ ಹಾಲು ನೋಡಿಕೊಳ್ಳುತ್ತಿರುವವಳ ದನಿಯಲ್ಲಿ. "ವೈಜಾಪುರದ ಮ್ಯಾಲ ಇದ್ದಾಗs ಬೋಲ್ಟು ಉರುಳಿ ನನ್ನ ಕಾಲಿಗೆ ಬಂತು. ಅವಾಗಿಂದ ನಾನs ನಡಸಲಕತ್ತೀನಿ. ನೀವು ಅಂಜತೀರಂತ ಹೇಳ್ಲಿಲ್ಲ."