ನೀಲಿ ದಾರದ ಬಾಟಲಿ

ಮೈದುನನನ್ನು ಮಣ್ಣು ಮಾಡಿ ಇನ್ನೂ ಮೂರು ದಿನವಾಗಿರಲಿಲ್ಲ. ಫ್ಲಾವಿಯಾ ತಾನು ಕೊಟ್ಟಿದ್ದ ದ್ರಾಕ್ಷಿ ವೈನಿನ ಖಾಲಿ ಬಾಟಲಿ ಕೇಳಿಕೊಂಡು ಅವನ ಹೆಂಡತಿ, ಓರಗಿತ್ತಿ ಜೆಸಿಂತಾಳ ಮನೆಗೆ ಬಂದಳು. ಮನೆಯಲ್ಲೇ ಮಾಡಿದ ವೈನ್ ಕೊಟ್ಟವರಿಗೆ ಬಾಟಲಿ ತೊಳೆದು ಹಿಂದಿರುಗಿಸುವುದು ಆ ಕುಟುಂಬದ ರೂಢಿ.

"ನೀನೂ ಕುಡಿದೆಯಾ?"

"ಇಲ್ಲ ಅಕ್ಕ, ಅವರೊಬ್ಬರೇ."

"ಬಾಟ್ಲಿ?"

"ಬಿಸಿನೀರು, ಅಕ್ಕಿ ಹಾಕಿ ಕುಲುಕಿ ಕುಲುಕಿ ತೊಳೆದಿಟ್ಟಿದ್ದೇನೆ. ತಳದ ಗಸಿ ಒಂದು ಚೂರೂ ಇಲ್ಲ."

ಫ್ಲಾವಿಯಾಳಿಗೆ ಹೋದ ಜೀವ ಮರಳಿ ಬಂದಂತಾಯಿತು. ಪಳಪಳ ಹೊಳೆಯುವ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಅದರ ಕುತ್ತಿಗೆಯ ಸುತ್ತ ಬೆರಳಾಡಿಸಿ ನೋಡಿದಳು.

"ಇದು ನನ್ನದಲ್ಲ ಮಾರಾಯ್ತಿ. ನನ್ನದರ ಕುತ್ತಿಗೆಗೆ ನೀಲಿ ದಾರ ಕಟ್ಟಿದ್ದೆ."

"ಗೊತ್ತುಂಟು ಅಕ್ಕ. ಅದನ್ನು ತೊಳೆಯದೆ ಪೊಲೀಸರಿಗೆ ಕೊಟ್ಟೆ."