ದನಿ ಅಳಿಸಿದ ಡಿಸ್ಕ್

ಲ್ಯಾಪ್‌ಟಾಪಿನ ಗುಂಡಿ ಒತ್ತಿ ನಿಮಿಯಾ ಕಿವಿಗೊಟ್ಟು ಕೂತಳು. ಫ್ಯಾನ್ ತಿರುಗುವ ಸದ್ದು ಬಂತು, ಮಾತು ಬರಲಿಲ್ಲ. ಹುಟ್ಟಿನಿಂದ ಕಣ್ಣಿಲ್ಲದ ಅವಳಿಗೆ ಪರದೆಯ ಮೇಲಿನದನ್ನೂ ಸ್ಕ್ಯಾನರಿಗಿಟ್ಟ ಕಾಗದವನ್ನೂ ಸ್ಪ್ಯಾನಿಷಿನಲ್ಲಿ ಓದಿ ಹೇಳುತ್ತಿದ್ದ ಯಂತ್ರ ಅದು. ಅಂಧರ ಶಾಲೆಯ ಗೆಳತಿಯೊಬ್ಬಳು ಕಂಪನಿಯವರು ಹಾಕಿದ್ದ ಆಪರೇಟಿಂಗ್ ಸಿಸ್ಟಮ್ ತೆಗೆದು, ಮಾತಾಡುವ ಬೇರೊಂದನ್ನು ಹಾಕಿಕೊಟ್ಟಿದ್ದಳು.

ಅದನ್ನು ರಿಪೇರಿಗೆ ಒಯ್ದು ತಂದ ಮೈದುನ ಇಸಬೆಲಿನೊ ಅಂಗಳದಲ್ಲಿ ತಣ್ಣನೆಯ ತೆರೆರೆ ಎಲೆಪಾನಕ ಹೀರುತ್ತಿದ್ದ. ಎನ್ಕಾರ್ನಸಿಯೋನ್ ಊರಿನ ಆ ಬೀದಿಯೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಅಣ್ಣ ಸತ್ತ ಈ ಹತ್ತು ತಿಂಗಳಲ್ಲಿ ಅವನು ಮನೆಯನ್ನು ತನ್ನ ಹೆಸರಿಗೆ ಬರೆದುಕೊಡುವ ಮಾತನ್ನು ಮೂರು ಸಲ ಎತ್ತಿದ್ದ. ಮೂರು ಸಲವೂ ಅವಳು ಆಗುವುದಿಲ್ಲ ಅಂದಿದ್ದಳು.

ನಿಮಿಯಾ ಅಂಗಡಿಗೆ ಫೋನ್ ಮಾಡಿದಳು.

"ಕಂಪನಿಯವರ ರಿಕವರಿ ಡಿಸ್ಕ್ ಹಾಕಿದ್ವಿ ಸೆನ್ಯೊರಾ," ಅಂದ ರಿಪೇರಿಯವನು. "ಅದು ಇದ್ದದ್ದನ್ನೆಲ್ಲ ಅಳಿಸಿ ತನ್ನದನ್ನೇ ಕೂರಿಸುತ್ತೆ. ಬೇರೆ ಬೇಕಾ ಅಂತ ಕೇಳೋದೇ ಇಲ್ಲ."

"ನಂದು ಮಾತಾಡ್ತಿತ್ತು."

"ಇದರಲ್ಲಿರೋ ದನಿಗೆ ಇಂಗ್ಲಿಷ್ ಮಾತ್ರ ಬರೋದು. ನಿಮ್ಮದನ್ನ ಮತ್ತೆ ಹಾಕಿದ್ರೆ ಗ್ಯಾರಂಟಿ ಹೋಗುತ್ತೆ. ಅಳಿಸ್ಲಾ ಅಂತ ನಿಮ್ಮ ಮೈದುನನ್ನ ಎರಡು ಸಲ ಕೇಳಿದ್ವಲ್ಲ. ಅತ್ತಿಗೆ ಒಪ್ಪಿದಾರೆ ಅಂದ್ರು."

ಅಳಿಸುವ ಮಾತನ್ನು ಅವನು ಅವಳ ಹತ್ತಿರ ಎತ್ತಿಯೇ ಇರಲಿಲ್ಲ. ಅವಳು ಫೋನ್ ಇಟ್ಟಳು.

"ಯಾಕೆ ಒದ್ದಾಡ್ತೀರಿ ಅತ್ತಿಗೆ?" ಇಸಬೆಲಿನೊನ ದನಿ ಬೆನ್ನ ಹಿಂದೆಯೇ ಇತ್ತು. ಅವನು ಬರಿಗಾಲಲ್ಲಿ ಒಳಗೆ ಬಂದದ್ದು ಅವಳಿಗೆ ಕೇಳಿಸಿರಲಿಲ್ಲ. "ನಾನಿಲ್ವಾ? ಏನಿದ್ರೂ ಓದಿ ಹೇಳ್ತೀನಿ."

ಕುರ್ಚಿ ಎಳೆದು ಮಗ್ಗುಲಿಗೇ ಕೂತು ಕೀಲಿಮಣೆ ಕುಟ್ಟತೊಡಗಿದ.

"ಪಾಸ್‌ವರ್ಡ್ ಕೇಳ್ತಿದೆ. ಹಾಕಿದೆ."

"ಏನಂತ ಹಾಕಿದೆ?"

"ನನಗೆ ನೆನಪಿರುತ್ತೆ ಬಿಡಿ."

ಆಮೇಲೆ ಅವಳ ಬೆರಳಿಗೆ ಪೆನ್ನು ಕೊಟ್ಟು, ಕೈಹಿಡಿದು ಒಂದು ಕಾಗದದ ಮೇಲಿಟ್ಟ. "ಇಲ್ಲೊಂದು ಸಹಿ ಹಾಕಿ. ಅಂಗಡಿಯವರ ರಸೀದಿ."

"ಓದು."

"ಲ್ಯಾಪ್‌ಟಾಪ್ ಸರಿಯಾಗಿ ಕೈಸೇರಿದೆ. ಅಷ್ಟೇ."

ನಿಮಿಯಾ ಸಹಿ ಹಾಕಲಿಲ್ಲ. ಎಡಗೈ ಹೆಬ್ಬೆರಳಿನಿಂದ ಕಾಗದದ ಅಂಚನ್ನು ಮೆಲ್ಲಗೆ ಬಿಡಿಸಿದಳು. ಒಂದಲ್ಲ, ನಾಲ್ಕು ಹಾಳೆ. ಮೂಲೆಯಲ್ಲಿ ಪಿನ್ನು. ಕೊನೆಯ ಹಾಳೆಯ ತಳದಲ್ಲಿ ದುಂಡನೆಯ ಉಬ್ಬು ಮುದ್ರೆಯೊಂದು ಬೆರಳಿಗೆ ಸಿಕ್ಕಿತು. ಗಂಡ ಸತ್ತಾಗ ಮನೆಯ ಪತ್ರ ಮಾಡಿಸಲು ಹೋಗಿ ಮುಟ್ಟಿ ನೋಡಿದ್ದ ಮುದ್ರೆ.

"ರಿಪೇರಿ ಅಂಗಡಿಯವರು ನೋಟರಿಯನ್ನೂ ಇಟ್ಕೊಂಡಿದಾರಾ ಇಸಬೆಲಿನೊ?"

ಕುರ್ಚಿ ಹಿಂದೆ ಸರಿಯಿತು. ಬೀದಿ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.